ನಾಮದ ಚಿಲುಮೆಯ ಹಕ್ಕಿ ನಡಿಗೆ: ದುಡ್ಡಿಗೆ ಮೋಸವಿಲ್ಲ, ಜನ ಮಾತ್ರ ಜಾಸ್ತಿ

ತುಮಕೂರಿನ ಹುಡುಗರ ತಂಡವೊಂದು ಚಳಿಗಾಲದ ಭಾನುವಾರಗಳಲ್ಲಿ ನಾಮದ ಚಿಲುಮೆ, ದೇವರಾಯನದುರ್ಗದ ಕಡೆ ಹಕ್ಕಿ ತೋರಿಸಲು ಕರೆದುಕೊಂಡು ಹೋಗುತ್ತದೆ. ತಲೆಗೆ 350 ರೂಪಾಯಿ, ಮಕ್ಕಳಿಗೆ ಅರ್ಧ. ವ್ಯಾನು, ತಿಂಡಿ ಎಲ್ಲ ಅದರಲ್ಲೇ ಬಂತು. ನಾನು ಏಳನೇ ಕ್ಲಾಸಿನ ಮಗಳನ್ನೂ ನಾದಿನಿಯನ್ನೂ ಕಟ್ಟಿಕೊಂಡು ಹೋಗಿದ್ದೆ. ಅಂಗಡಿಗೆ ಬ್ಲೌಸ್ ಹೊಲಿಸಲು ಬರುವವರೆಲ್ಲ “ಹೆಂಗಿತ್ತು, ನಾವೂ ಹೋಗಬಹುದಾ?” ಅಂತ ಕೇಳುತ್ತಿದ್ದಾರೆ. ಹೋಗಬಹುದು. ಆದರೆ ಕೆಲವು ವಿಷಯ ಮೊದಲೇ ಗೊತ್ತಿರಲಿ.

ಹಿಂದಿನ ದಿನ ವಾಟ್ಸಾಪಿನಲ್ಲಿ ಮೆಸೇಜ್ ಬರುತ್ತದೆ. ಬಿಳಿ, ಕೆಂಪು, ಮಿರಮಿರ ಮಿಂಚುವ ಬಟ್ಟೆ ಬೇಡ. ಸೆಂಟು ಬೇಡ. ಕಾಡಿಗೆ ಹೊಂದುವ ಬಣ್ಣ ಹಾಕಿಕೊಂಡು ಬನ್ನಿ ಅಂತ. ಟೈಲರ್ ಆದ ನನಗೆ ಈ ಮಾತು ಬಹಳ ಹಿಡಿಸಿತು. ಬೆಳಿಗ್ಗೆ ಐದೂವರೆಗೆ ವ್ಯಾನ್ ಹತ್ತಿರ ಹೋಗಿ ನೋಡಿದರೆ ಒಬ್ಬರದು ಗುಲಾಬಿ ಟ್ರ್ಯಾಕ್ ಸೂಟು, ಇನ್ನೊಬ್ಬರದು ರಸ್ತೆ ಕೆಲಸದವರು ಹಾಕುವಂಥ ಹೊಳೆಯುವ ಜಾಕೆಟ್ಟು. ತಂಡದವರು ನೋಡಿದರು, ಏನೂ ಹೇಳಲಿಲ್ಲ. ಮತ್ತೆ ಆ ಮೆಸೇಜ್ ಯಾಕೆ ಕಳಿಸಬೇಕು? ನಾಲ್ಕು ಹಳೇ ಖಾಕಿ ಶಾಲು ವ್ಯಾನಿನಲ್ಲಿ ಇಟ್ಟುಕೊಂಡಿದ್ದರೆ ಆಗುತ್ತಿತ್ತು, ಅಲ್ವಾ?

ಹಕ್ಕಿ ತೋರಿಸುವ ಹುಡುಗನಿಗೆ ಇನ್ನೂ ಸರಿಯಾಗಿ ಮೀಸೆ ಬಂದಿಲ್ಲ. ಕಿವಿ ಮಾತ್ರ ಭಾರಿ ಚುರುಕು. ವ್ಯಾನ್ ಇಳಿದ ಕೂಡಲೇ ಎಲ್ಲರೂ ಕ್ಯಾಮೆರಾ, ಬೈನಾಕ್ಯುಲರ್ ಎತ್ತಿಕೊಂಡರು. ಅವನು “ಅಕ್ಕ, ಅದನ್ನ ಕೆಳಗೆ ಇಳಿಸಿ. ಐದು ನಿಮಿಷ ಸುಮ್ನೆ ನಿಂತು ಕೇಳಿ” ಅಂದ. ಮೊದಲು ನನಗೆ ಬರೀ ಚಿಲಿಪಿಲಿ ಗದ್ದಲ. ಆಮೇಲೆ ಒಂದೊಂದೇ ದನಿ ಬಿಡಿಸಿ ಕೊಟ್ಟ. ದೂರದ ಮರದಲ್ಲಿ ಉಸಿರು ತೆಗೆದುಕೊಳ್ಳದ ಹಾಗೆ ಕುಟ್ರೂ ಕುಟ್ರೂ ಅನ್ನುವುದು ಕುಟ್ರುಹಕ್ಕಿ. ಪೊದೆಯ ಬುಡದಲ್ಲಿ ಏಳೆಂಟು ಸೇರಿ ತರಗೆಲೆ ಕೆದಕುತ್ತಾ ಕಿರುಚಾಡುವುದು ಹರಟೆಮಲ್ಲ. ಕಾಜಾಣ ಬೇರೆ ಹಕ್ಕಿಗಳ ದನಿ ಕದಿಯುತ್ತದಂತೆ, ಅದಕ್ಕೆ ಶಿಕ್ರಾ ಗಿಡುಗನ ಕೂಗು ಕೇಳಿದ ತಕ್ಷಣ ಆಕಾಶ ನೋಡಬೇಡಿ, ಮೊದಲು ಕೊಂಬೆ ನೋಡಿ ಅಂದ.

ಪೊದೆಯೊಳಗಿಂದ ‘ಚಕ್... ಚಕ್...’ ಅಂತ ಬಿಟ್ಟುಬಿಟ್ಟು ಒಂದು ಸದ್ದು ಬರುತ್ತಿತ್ತು. ಬ್ಲೈತ್ಸ್ ರೀಡ್ ವಾರ್ಬ್ಲರ್ ಅಂತೆ. ಚಳಿಗಾಲಕ್ಕೆ ಉತ್ತರದಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದು, ಬೇಸಿಗೆ ಏರುವ ಹೊತ್ತಿಗೆ ವಾಪಸ್ ಹೋಗುವ ಪುಟ್ಟ ಹಕ್ಕಿ. ಮೈಯೆಲ್ಲ ಮಣ್ಣು ಬಣ್ಣ. “ಇದನ್ನ ಕಿವಿಯಲ್ಲೇ ನೋಡ್ಬೇಕು ಅಕ್ಕ” ಅಂದ. ಈಗ ನಮ್ಮ ಮನೆ ಹಿಂದಿನ ಸೀಬೆ ಗಿಡದಲ್ಲೂ ಅದೇ ‘ಚಕ್’ ಕೇಳಿಸುತ್ತಿದೆ. ನನ್ನ 350 ರೂಪಾಯಿ ಅಲ್ಲಿಗೇ ವಸೂಲಾಯಿತು.

ಬೈನಾಕ್ಯುಲರ್ ತಲೆಗೊಂದು ಅಂದಿದ್ದರು, ಮೂವರಿಗೊಂದು ಆಯಿತು. ಇದ್ದವು ಒಳ್ಳೆಯವೇ. ಮೇಲೆ 8×42 ಅಂತ ಬರೆದಿತ್ತು. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಗಾಜು ಅಗಲ ಇದ್ದಷ್ಟೂ ಬೆಳಕು ಜಾಸ್ತಿ ಬರುತ್ತದೆ, ಬೆಳಗಿನ ಮಬ್ಬಿನಲ್ಲಿ ಮರದ ಕೆಳಗೆ ಅದೇ ಮುಖ್ಯ. ಹನ್ನೆರಡು ಪಟ್ಟಿನದು ತಂದವರೊಬ್ಬರು ಹೆಮ್ಮೆಯಿಂದ ಎತ್ತಿದರು. ಕೈ ನಡುಗಿದರೆ ಹಕ್ಕಿಯೂ ಅಷ್ಟೇ ಪಟ್ಟು ನಡುಗುತ್ತದೆ!

ಸೂಜಿಗೆ ದಾರ ಪೋಣಿಸಿ ಪೋಣಿಸಿ ನನ್ನ ಒಂದು ಕಣ್ಣಿಗೆ ಪವರ್ ಜಾಸ್ತಿಯಾಗಿದೆ. ಅದಕ್ಕೂ ದಾರಿ ಇದೆ. ಬಲಗಣ್ಣು ಮುಚ್ಚಿಕೊಂಡು ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸರಿ ಮಾಡಿಕೊಳ್ಳಬೇಕು. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆ ಗಾಜಿನ ಹತ್ತಿರ ಇರುವ ಸಣ್ಣ ಬಳೆ ತಿರುಗಿಸಬೇಕು. ಕನ್ನಡಕದವರು ಕಣ್ಣಿಗಿಡುವ ರಬ್ಬರನ್ನು ಒಳಗೆ ಒತ್ತಿಕೊಳ್ಳಬೇಕು. ಇದನ್ನು ಆ ಹುಡುಗ ನನ್ನ ಪಕ್ಕ ನಿಂತು, ಬೇಜಾರಿಲ್ಲದೆ ಹೇಳಿಕೊಟ್ಟ.

ನಾಮದ ಚಿಲುಮೆಯ ಕಥೆ ನಮ್ಮ ಕಡೆಯವರಿಗೆ ಹೊಸದಲ್ಲ. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಂಡೆಗೆ ಬಾಣ ಬಿಟ್ಟನಂತೆ. ಜಿಂಕೆ ವನದಲ್ಲಿ ಮಕ್ಕಳು ಸ್ವಲ್ಪ ಹೊತ್ತು ನಿಂತರು. ಕೋತಿಗಳು ನಾದಿನಿಯ ಬಿಸ್ಕೆಟ್ ಪ್ಯಾಕೆಟ್ ಎಳೆದುಕೊಂಡು ಹೋದವು. ನೀರಿನ ಹತ್ತಿರ ಬೂದು ಸಿಪಿಲೆ ಹಕ್ಕಿಯೊಂದು ಬಾಲ ಕುಣಿಸುತ್ತಾ ಓಡಾಡುತ್ತಿತ್ತು, ಹೊಟ್ಟೆ ಕೆಳಗೆ ತೆಳು ಹಳದಿ. ಅದೂ ಚಳಿಗೆ ಬಂದ ನೆಂಟನೇ.

ಎಲ್ಲರೂ ಕಾಯುತ್ತಿದ್ದದ್ದು ಹಳದಿ ಕೊರಳಿನ ಪಿಕಳಾರಕ್ಕೆ. ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಬಂಡೆ, ಕುರುಚಲು ಗಿಡ ಇರುವ ಬೆಟ್ಟಗಳೇ ಬೇಕು. ನಂದಿ ಬೆಟ್ಟದಲ್ಲೂ ಇದೆ, ನಮ್ಮ ದೇವರಾಯನದುರ್ಗದಲ್ಲೂ ಇದೆ. ಬಂಡೆ ಒಡೆದು ಜಲ್ಲಿ ಮಾಡಿದರೆ ಅದಕ್ಕೆ ಜಾಗವಿಲ್ಲ. ದುರ್ಗದ ಮೇಲೆ ಹೋಗುವ ದಾರಿಯ ಪಕ್ಕ ಬಂಡೆಯ ಸಂದಿನ ಗಿಡದಲ್ಲಿ ಎರಡು ಕಂಡವು. ತಲೆಯ ಮೇಲೆ ಜುಟ್ಟಿಲ್ಲ. ಬೆನ್ನು ಪಾಚಿ ಬಣ್ಣ, ಎದೆ ಬೂದಿ. ಕೊರಳು ಮಾತ್ರ ಅಚ್ಚ ಹಳದಿ, ಬಾಲದ ಬುಡದಲ್ಲೂ ಅದೇ ಹಳದಿ. ಇಂಥ ಮ್ಯಾಚಿಂಗ್ ಲೈನಿಂಗ್ ತುಮಕೂರಿನ ಯಾವ ಬಟ್ಟೆ ಅಂಗಡಿಯಲ್ಲೂ ನನಗೆ ಸಿಕ್ಕಿಲ್ಲ.

ಅಷ್ಟರಲ್ಲಿ ಹಿಂದಿದ್ದ ಕ್ಯಾಮೆರಾದವರಿಗೆ ಸಾಲದಾಯಿತು. ತಂಡದ ಇನ್ನೊಬ್ಬ ಹುಡುಗ ಅವರ ಒತ್ತಾಯಕ್ಕೆ ಮೊಬೈಲಿನಲ್ಲಿ ಅದೇ ಹಕ್ಕಿಯ ಕೂಗನ್ನು ಸ್ಪೀಕರಿಗೆ ಹಾಕಿದ. ತನ್ನ ಜಾಗಕ್ಕೆ ಬೇರೆ ಹಕ್ಕಿ ನುಗ್ಗಿತು ಅಂದುಕೊಂಡು ಅದು ಮೇಯುವುದು ಬಿಟ್ಟು ಜಗಳಕ್ಕೆ ಎದುರು ಬರುತ್ತದೆ. ಇವರು ಟಕಟಕ ಫೋಟೋ ಹೊಡೆಯುತ್ತಾರೆ. ಗೂಡು ಕಟ್ಟುವ ಕಾಲದಲ್ಲಂತೂ ಇದು ದೊಡ್ಡ ತಪ್ಪು. ನಮ್ಮ ಹುಡುಗ ಓಡಿ ಬಂದು ಬಂದ್ ಮಾಡಿಸಿದ ನಿಜ. ಆದರೂ ಬೆಳಿಗ್ಗೆಯಿಂದ ಸುಮ್ನೆ ಕೇಳಿ ಅಂತ ಕಲಿಸಿದ ತಂಡವೇ ಸ್ಪೀಕರ್ ಹಚ್ಚಿದರೆ ಮಕ್ಕಳು ಏನು ಕಲಿಯಬೇಕು? ನನಗೆ ಇದು ಬಹಳ ಸಿಟ್ಟು ತರಿಸಿತು. ಅವರ ಮುಂದೆಯೇ ಹೇಳಿದ್ದೇನೆ, ಇಲ್ಲೂ ಬರೆಯುತ್ತಿದ್ದೇನೆ.

ಇದಕ್ಕೆಲ್ಲ ಮೂಲ ಜನ ಜಾಸ್ತಿ ಸೇರಿಸಿದ್ದು. ಇಪ್ಪತ್ತನಾಲ್ಕು ಜನ, ತೋರಿಸುವವನು ಒಬ್ಬ. ಮುಂದಿನ ಹತ್ತು ಜನ ಹಕ್ಕಿ ನೋಡುತ್ತಾರೆ. ಹಿಂದಿನವರು ಮುಂದಿನವರ ಬೆನ್ನು ನೋಡುತ್ತಾ ಮನೆ ಸೈಟಿನ ರೇಟು ಮಾತಾಡುತ್ತಾರೆ. ಆ ಮಾತಿಗೆ ಹತ್ತಿರದ ಹಕ್ಕಿಯೂ ಹಾರಿ ಹೋಗುತ್ತದೆ. ಬೇಕಾದರೆ 500 ರೂಪಾಯಿ ತೆಗೆದುಕೊಳ್ಳಲಿ, ಹನ್ನೆರಡು ಜನಕ್ಕೆ ನಿಲ್ಲಿಸಲಿ.

ತಿಂಡಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಾರ್ಸಲ್. ಆರಿತ್ತು, ಚಟ್ನಿ ಚೆನ್ನಾಗಿತ್ತು. ಸಂಜೆಯೊಳಗೆ ಕಂಡ ಹಕ್ಕಿಗಳ ಪಟ್ಟಿಯನ್ನು ಈಬರ್ಡ್‌ಗೆ (ಹಕ್ಕಿ ನೋಡುವವರು ಕಂಡದ್ದನ್ನು ಬರೆದಿಡುವ ಆನ್‌ಲೈನ್ ತಾಣ) ಹಾಕಿ ಎಲ್ಲರಿಗೂ ಕಳಿಸಿದರು. ಮಗಳು ತಾನೇ ಮೊದಲು ಕಂಡ ರಾಜಹಕ್ಕಿ ಅದರಲ್ಲಿ ಇದೆಯಾ ಅಂತ ಹುಡುಕಿದಳು, ಇತ್ತು.

ಬುಕ್ ಮಾಡಲು ಫೋನ್ ಮಾಡಿದಾಗ ಎಷ್ಟು ಜನ ಆಗಿದ್ದಾರೆ, ಯಾರು ತೋರಿಸುತ್ತಾರೆ, ದಾರಿಯಲ್ಲಿ ಶೌಚಾಲಯಕ್ಕೆ ಎಲ್ಲಿ ನಿಲ್ಲಿಸುತ್ತಾರೆ, ಇಷ್ಟು ಕೇಳಿಕೊಳ್ಳಿ. ಹದಿನೈದು ದಾಟಿದೆ ಅಂದರೆ ಮುಂದಿನ ವಾರಕ್ಕೆ ಹೆಸರು ಬರೆಸಿ.