ಆಕ್ಸೆಸ್‌ನಲ್ಲಿ ಕಾಪಿ-ಪೇಸ್ಟ್: ಬೆಲ್ಲದ ಮಂಡಿಯಿಂದ ಒಂದು ವಿಮರ್ಶೆ

ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಮಾಹಿತಿಯನ್ನು ಟೇಬಲ್ಲುಗಳಲ್ಲಿ ಜೋಡಿಸಿಡುವ ಡೇಟಾಬೇಸ್ ಸಾಫ್ಟ್‌ವೇರ್ ಮೈಕ್ರೋಸಾಫ್ಟ್ ಆಕ್ಸೆಸ್ ಹಿಡಿದು ವರ್ಷಗಳೇ ಆದವು. ಅದರ ಕ್ವೆರಿ (ಟೇಬಲ್ಲಿನಿಂದ ಬೇಕಾದ್ದನ್ನು ಆರಿಸಿ, ಕೂಡಿ ತೆಗೆಯುವುದು), ರಿಪೋರ್ಟ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಕೀಬೋರ್ಡ್ ಬಗ್ಗೆ, ಅದರಲ್ಲೂ ಕಾಪಿ-ಪೇಸ್ಟ್ ಬಗ್ಗೆ ಮಾತ್ರ. ಬೆಳಗಿನಿಂದ ಸಂಜೆವರೆಗೂ ಎಂಟ್ರಿ ಮಾಡುವವರಿಗೆ ಸಾಫ್ಟ್‌ವೇರ್ ಅಂದರೆ ಅದೇ ಅಲ್ವಾ.

ಮೊದಲು ನನಗೆ ತುಂಬಾ ಇಷ್ಟವಾದ ಕೀ. ಕಂಟ್ರೋಲ್ ಒತ್ತಿಕೊಂಡು ಸಿಂಗಲ್ ಕೋಟ್, ಅಂದರೆ ಎಂಟರ್‌ಗೆ ಅಂಟಿಕೊಂಡಿರುವ ಕೀ. ಒತ್ತಿದ ತಕ್ಷಣ ಹಿಂದಿನ ಸಾಲಿನಲ್ಲಿ ಆ ಕಾಲಮ್ಮಿನಲ್ಲಿ ಏನಿತ್ತೋ ಅದು ಹಾಗೇ ಇಲ್ಲಿಗೆ ಬರುತ್ತದೆ. ಕಾಪಿಯೂ ಬೇಡ, ಪೇಸ್ಟೂ ಬೇಡ. ಒಂದೇ ಗಾಡಿಯಲ್ಲಿ ಒಂದೇ ಊರಿನ ನಾಲ್ಕೈದು ರೈತರ ಬೆಲ್ಲ ಬಂದಿರುತ್ತದೆ. ಊರು ಅದೇ, ಹೋಬಳಿ ಅದೇ, ಅಚ್ಚು ಬೆಲ್ಲವೋ ಬಕೆಟ್ ಬೆಲ್ಲವೋ ಅದೂ ಅದೇ. ಹೆಸರು, ತೂಕ, ರೇಟು ಇಷ್ಟನ್ನೇ ಟೈಪ್ ಮಾಡಿ ಉಳಿದದ್ದಕ್ಕೆಲ್ಲ ಈ ಕೀ ಒತ್ತುತ್ತಾ ಟ್ಯಾಬ್ ಹೊಡೆಯುತ್ತಾ ಹೋದರೆ, ರೈತರು ಎದುರಿಗೆ ನಿಂತು 'ಪಟ್ಟಿ ಆಯ್ತಾ ಸ್ವಾಮಿ' ಅಂತ ಕೇಳುವಷ್ಟರಲ್ಲಿ ಪ್ರಿಂಟ್ ಕೈಗೆ ಕೊಡಬಹುದು.

ಇನ್ನೊಂದು ಲಾಭ ಇದೆ, ಅದು ತಿಂಗಳ ಕೊನೆಗೆ ಗೊತ್ತಾಗುತ್ತದೆ. ಪ್ರತಿ ಸಲ ಕೈಯಲ್ಲೇ ಟೈಪ್ ಮಾಡಿದರೆ ಒಂದು ಕಡೆ ಹೊಸಹಳ್ಳಿ, ಇನ್ನೊಂದು ಕಡೆ ಹೊಸಳ್ಳಿ, ಮತ್ತೊಂದು ಕಡೆ ಹೊಸ ಹಳ್ಳಿ ಅಂತ ಆಗುತ್ತದೆ. ನಮ್ಮ ಕಣ್ಣಿಗೆ ಒಂದೇ ಊರು, ಕ್ವೆರಿಗೆ ಮೂರು ಊರು. ಊರುವಾರು ಮೊತ್ತ ತೆಗೆದರೆ ಲೆಕ್ಕ ಮೂರು ಕಡೆ ಹಂಚಿಹೋಗಿರುತ್ತದೆ. ಮೇಲಿನ ಸಾಲಿನಿಂದಲೇ ಇಳಿಸಿಕೊಂಡರೆ ಈ ತಲೆನೋವು ಬಹಳ ಕಮ್ಮಿ.

ಇವತ್ತಿನ ತಾರೀಖಿಗೆ ಕಂಟ್ರೋಲ್ ಮತ್ತು ಸೆಮಿಕೋಲನ್. ಹೊಸ ಸಾಲಿಗೆ ಕಂಟ್ರೋಲ್ ಮತ್ತು ಪ್ಲಸ್. ಕಂಟ್ರೋಲ್ ಮತ್ತು ಮೈನಸ್ ಒತ್ತಿದರೆ ಸಾಲೇ ಡಿಲೀಟ್. ನಂಬರ್ ಪ್ಯಾಡಿನಲ್ಲಿ ಈ ಎರಡು ಒಂದರ ಕೆಳಗೆ ಒಂದು ಇವೆ! ಡಿಲೀಟ್ ಮಾಡುವ ಮುಂಚೆ ಕೇಳುತ್ತದೆ ಅನ್ನುವುದೊಂದೇ ಸಮಾಧಾನ. ಕೇಳುವುದನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಲೂ ಬರುತ್ತದೆ. ದಯವಿಟ್ಟು ಮಾಡಬೇಡಿ.

ಈಗ ಮಾಮೂಲಿ ಕಂಟ್ರೋಲ್ ಸಿ, ಕಂಟ್ರೋಲ್ ವಿ. ಕೆಲಸ ಮಾಡುತ್ತವೆ, ಆದರೆ ವರ್ಡ್‌ನಲ್ಲಿ ಇದ್ದ ಹಾಗೆ ಅಲ್ಲ. ಟ್ಯಾಬ್ ಹೊಡೆದು ಒಂದು ಖಾನೆಗೆ ಬಂದರೆ ಒಳಗಿರುವುದೆಲ್ಲ ಮೊದಲೇ ಸೆಲೆಕ್ಟ್ ಆಗಿರುತ್ತದೆ. ಕಾಪಿ ಮಾಡುವಾಗ ಇದು ಅನುಕೂಲ, ನೇರ ಕಂಟ್ರೋಲ್ ಸಿ ಒತ್ತಿದರೆ ಸಾಕು. ಪೇಸ್ಟ್ ಮಾಡುವಾಗ ಇದೇ ಅಪಾಯ, ಹಳೆಯದು ಪೂರ್ತಿ ಅಳಿಸಿ ಹೊಸದು ಕೂರುತ್ತದೆ. ಇದ್ದದ್ದರ ಕೊನೆಗೆ ಸೇರಿಸಬೇಕು ಅಂದರೆ ಮೊದಲು ಎಫ್2 ಒತ್ತಿ, ಕರ್ಸರ್ ಬರುತ್ತದೆ, ಆಮೇಲೆ ಪೇಸ್ಟ್ ಮಾಡಿ. ತಪ್ಪಿದರೆ ಎಸ್ಕೇಪ್. ಒಂದು ಸಲ ಒತ್ತಿದರೆ ಆ ಖಾನೆ ಮೊದಲಿನಂತೆ ಆಗುತ್ತದೆ, ಇನ್ನೊಂದು ಸಲ ಒತ್ತಿದರೆ ಇಡೀ ಸಾಲು. ಆದರೆ ಬೇರೆ ಸಾಲಿಗೆ ಹೋದ ಕ್ಷಣ ಆಕ್ಸೆಸ್ ತಾನಾಗೇ ಸೇವ್ ಮಾಡಿಬಿಡುತ್ತದೆ, ಸೇವ್ ಮಾಡಲಾ ಅಂತ ಕೇಳುವುದಿಲ್ಲ. ಎಕ್ಸೆಲ್‌ನಿಂದ ಬಂದವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ನಿಜವಾದ ಕಷ್ಟ ಇರುವುದು ಎಕ್ಸೆಲ್‌ನಿಂದ ಸಾಲುಸಾಲು ತಂದು ಸುರಿಯುವಾಗ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ ಒಂದು ದಿನ ತೂಕದ ಶೀಟನ್ನು ಕಾಪಿ ಮಾಡಿಕೊಂಡು ಬಂದು ಟೇಬಲ್ಲಿಗೆ ಪೇಸ್ಟ್ ಮಾಡಿದ. 'ಇಷ್ಟು ರೆಕಾರ್ಡ್ ಪೇಸ್ಟ್ ಮಾಡಲಿದ್ದೀರಿ, ಖಚಿತವೇ' ಅಂತ ಆಕ್ಸೆಸ್ ಕೇಳಿತು, ಇವನು ಎಸ್ ಒತ್ತಿದ. ಆಮೇಲೆ ನೋಡಿದರೆ ಚೀಲದ ಕಾಲಮ್ಮಿನಲ್ಲಿ ತೂಕ, ತೂಕದ ಕಾಲಮ್ಮಿನಲ್ಲಿ ಚೀಲ. 'ಅಣ್ಣ, ಕಂಟ್ರೋಲ್ ಝಡ್ ಒತ್ತಿದ್ರೂ ಏನೂ ಆಗ್ತಿಲ್ಲ' ಅಂದ. ಆಗುವುದಿಲ್ಲ ಕಣಪ್ಪ. ಒಮ್ಮೆ ಒಳಗೆ ಹೋದ ಸಾಲುಗಳನ್ನು ಒಟ್ಟಿಗೆ ಹಿಂದಕ್ಕೆ ಕರೆಯುವ ದಾರಿ ಇಲ್ಲಿಲ್ಲ, ಆರಿಸಿ ಡಿಲೀಟ್ ಮಾಡಬೇಕು.

ಅದಕ್ಕೇ ಈಗ ನಮ್ಮಲ್ಲಿ ಒಂದು ಪದ್ಧತಿ ಇದೆ. ಪೇಸ್ಟ್ ಮಾಡುವ ಮುಂಚೆ ಎಡಗಡೆ ಪಟ್ಟಿಯಲ್ಲಿ ಟೇಬಲ್ ಹೆಸರಿನ ಮೇಲೆ ನಿಂತು ಕಂಟ್ರೋಲ್ ಸಿ, ಅಲ್ಲೇ ಕಂಟ್ರೋಲ್ ವಿ. ಬರೀ ವಿನ್ಯಾಸ ಬೇಕಾ, ಡೇಟಾ ಸಮೇತ ಬೇಕಾ, ಇರುವ ಟೇಬಲ್ಲಿಗೇ ಸೇರಿಸಬೇಕಾ ಅಂತ ಒಂದು ಡಬ್ಬಿ ಕೇಳುತ್ತದೆ. ಡೇಟಾ ಸಮೇತ ಅಂದರೆ ಇಡೀ ಟೇಬಲ್ಲಿನ ನಕಲು ಸಿದ್ಧ. ಸುಮ್ನೆ ಎರಡು ಕೀ ಒತ್ತುವ ಕೆಲಸ, ರಾತ್ರಿ ನಿದ್ದೆ ಬರುತ್ತದೆ. ಆಮೇಲೆ ಕಾಲಮ್ಮುಗಳ ಕ್ರಮ ಎರಡೂ ಕಡೆ ಒಂದೇ ಇದೆಯಾ ನೋಡಿ, ಮೆನುವಿನಲ್ಲಿರುವ ಪೇಸ್ಟ್ ಅಪೆಂಡ್ ಬಳಸುತ್ತೇವೆ. ಅದು ಇದ್ದ ಸಾಲುಗಳನ್ನು ಮುಟ್ಟದೆ ಕೊನೆಗೆ ಸೇರಿಸುತ್ತದೆ. ಒಳಗೆ ಹೋಗಲಾರದ ಸಾಲುಗಳನ್ನು, ಉದಾಹರಣೆಗೆ ತೂಕದ ಜಾಗದಲ್ಲಿ '30 ಕೆಜಿ' ಅಂತ ಅಕ್ಷರ ಸೇರಿಸಿ ಬರೆದದ್ದನ್ನು, ಪೇಸ್ಟ್ ಎರರ್ಸ್ ಅನ್ನುವ ಬೇರೆ ಟೇಬಲ್ಲಿನಲ್ಲಿ ಎತ್ತಿಡುತ್ತದೆ. ಈ ವಿಷಯದಲ್ಲಿ ಆಕ್ಸೆಸ್ ತುಂಬಾ ಮರ್ಯಾದಸ್ಥ.

ತಾರೀಖು ಮಾತ್ರ ಹುಷಾರು. ವಿಂಡೋಸ್‌ನಲ್ಲಿ ದೇಶ ಅಮೆರಿಕ ಅಂತಲೇ ಉಳಿದಿದ್ದರೆ 05/06 ಅನ್ನುವುದು ಮೇ 6 ಆಗುತ್ತದೆ, ಆದರೆ 25/06 ಸರಿಯಾಗಿ ಜೂನ್ 25 ಆಗಿಯೇ ಕೂರುತ್ತದೆ. ಅರ್ಧ ಸರಿ, ಅರ್ಧ ತಪ್ಪು, ಎರರ್ ಒಂದೂ ಇಲ್ಲ. ಇಂಥದ್ದನ್ನು ಹುಡುಕುವುದು ಯಾರ ಶತ್ರುವಿಗೂ ಬೇಡ.

ಕನ್ನಡದ ಕಥೆ ಬೇರೆ. ರೈತರ ಹಳೆಯ ಪಟ್ಟಿಗಳು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿವೆ. ವರ್ಡ್‌ನಲ್ಲಿ ಚೆಂದವಾಗಿ ಕಾಣುವ ಹೆಸರು ಆಕ್ಸೆಸ್‌ಗೆ ಪೇಸ್ಟ್ ಮಾಡಿದ ಕೂಡಲೇ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಆಗುತ್ತದೆ. ತಪ್ಪು ಆಕ್ಸೆಸ್‌ನದಲ್ಲ. ಆ ಫಾಂಟುಗಳಲ್ಲಿ ಒಳಗಿರುವುದೇ ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ರೂಪ ಹೊದಿಸಿರುತ್ತಾರೆ ಅಷ್ಟೇ. ಪೇಸ್ಟ್ ಮಾಡಿದಾಗ ಅಕ್ಷರ ಬರುತ್ತದೆ, ಫಾಂಟ್ ಬರುವುದಿಲ್ಲ. ಮೊದಲು ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಪದ್ಧತಿಗೆ, ಬದಲಾಯಿಸಿಕೊಂಡು ಆಮೇಲೆ ಪೇಸ್ಟ್ ಮಾಡಿ. ಯೂನಿಕೋಡ್ ಕನ್ನಡ ಆದರೆ ಯಾವ ತಕರಾರೂ ಇಲ್ಲ, ಹುಡುಕಿದರೆ ಸಿಗುತ್ತದೆ, ಅಕಾರಾದಿಯಾಗಿ ಜೋಡಿಸಲೂ ಬರುತ್ತದೆ.

ಆಕ್ಸೆಸ್‌ನದಲ್ಲದಿದ್ದರೂ ಒಂದು ಹೇಳಲೇಬೇಕು, ವಿಂಡೋಸ್ ಕೀ ಮತ್ತು ವಿ. 2018ರಲ್ಲಿ ವಿಂಡೋಸ್ 10ಕ್ಕೆ ಬಂದದ್ದು. ಹಿಂದೆ ಕಾಪಿ ಮಾಡಿದ 25 ತುಣುಕುಗಳನ್ನು ತೋರಿಸುತ್ತದೆ, ಬೇಕಾದ್ದನ್ನು ಪಿನ್ ಮಾಡಿ ಇಟ್ಟುಕೊಳ್ಳಬಹುದು. ಮೊದಲ ಸಲ ಬಳಸುವಾಗ ಆನ್ ಮಾಡಬೇಕು. ರೈತರ ಬ್ಯಾಂಕ್ ಖಾತೆ ನಂಬರ್ ಕಾಪಿ ಮಾಡುವ ಕೆಲಸವಿದ್ದರೆ ಆಮೇಲೆ ಅದನ್ನು ಖಾಲಿ ಮಾಡಿ, ಬೇರೆಯವರೂ ಅದೇ ಕಂಪ್ಯೂಟರ್ ಮುಂದೆ ಕೂರುತ್ತಾರಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಕಡಿಮೆ ಆದ ಒಂದು ಸ್ಟಾರ್ ಆ ಕಂಟ್ರೋಲ್ ಝಡ್‌ಗೆ. ಆಕ್ಸೆಸ್ ಫೈಲ್ 2 ಜಿಬಿಗಿಂತ ದೊಡ್ಡದಾಗುವಂತಿಲ್ಲ, ನಮ್ಮಂಥ ಮಂಡಿಗೆ ಅದು ಧಾರಾಳ. ಮ್ಯಾಕ್‌ಗೆ ಆಕ್ಸೆಸ್ ಬರುವುದಿಲ್ಲ, ದುಡ್ಡು ಕೊಡುವ ಮುಂಚೆ ಅದನ್ನು ನೋಡಿಕೊಳ್ಳಿ.