ಪರಿಸರ ಎಂಜಿನಿಯರಿಂಗ್ ಮತ್ತು ವಿಜ್ಞಾನದ ಜೋಡಿ ಪದವಿ: ಕೋಲಾರದ ನೀರಿನ ಕೆಲಸಕ್ಕೆ ಎಷ್ಟು ಒದಗುತ್ತದೆ?

ಬಳಕೆಯ ಅವಧಿ: 5 ವರ್ಷದ ಓದು, ಆಮೇಲೆ ಕೋಲಾರ ಜಿಲ್ಲೆಯಲ್ಲಿ ಕುಡಿಯುವ ನೀರು, ಕೊಳಚೆ ನೀರಿನ ಕೆಲಸ.
ಅಂಕ: 5ಕ್ಕೆ 4. ಕಳೆದ ಒಂದು ಅಂಕ ಪ್ರಯೋಗಾಲಯದ ಲೆಕ್ಕಕ್ಕೆ ಹೋಗಿದೆ. ಅದರ ವಿವರ ಕೊನೆಯಲ್ಲಿದೆ.

ಮೊದಲು ಈ ಕೋರ್ಸು ಏನು ಅಂತ ಹೇಳಿಬಿಡುತ್ತೇವೆ. ಎಂಜಿನಿಯರಿಂಗ್ ಪದವಿ 4 ವರ್ಷ, ವಿಜ್ಞಾನ ಪದವಿ 3 ವರ್ಷ. ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಗಳಲ್ಲಿ ಎರಡನ್ನೂ ಜೋಡಿಸಿ ಸಾಮಾನ್ಯವಾಗಿ 5 ವರ್ಷಕ್ಕೆ ಮುಗಿಸಿ ಎರಡು ಪದವಿ ಕೊಡುತ್ತಾರೆ. ಉಳಿಯುವ ಎರಡು ವರ್ಷ ಎಲ್ಲಿಂದ ಬಂತು? ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ ಪತ್ರಿಕೆಗಳು ಎರಡೂ ಕಡೆ ಲೆಕ್ಕಕ್ಕೆ ಬರುತ್ತವೆ. ಐಚ್ಛಿಕ ವಿಷಯಗಳ ಜಾಗವನ್ನು ಇನ್ನೊಂದು ಪದವಿಯ ಕಡ್ಡಾಯ ವಿಷಯಗಳು ತುಂಬಿಬಿಡುತ್ತವೆ. ಹಾಗಾಗಿ ಇಷ್ಟಪಟ್ಟು ಆರಿಸಿಕೊಳ್ಳುವ ಅವಕಾಶ ಇಲ್ಲವೆನ್ನುವಷ್ಟು ಕಡಿಮೆ. ಅರ್ಜಿ ಹಾಕುವ ಮೊದಲೇ ಇದು ಗೊತ್ತಿರಲಿ.

ನಮ್ಮ ಕಡೆ ಇದೇ ಓದನ್ನು ಬಿಡಿಬಿಡಿಯಾಗಿ ಕಟ್ಟಿಕೊಳ್ಳಬೇಕು. ಸಿವಿಲ್ ಅಥವಾ ಪರಿಸರ ವಿಭಾಗದಲ್ಲಿ ಬಿ.ಇ. ಮುಗಿಸಿ, ಆಮೇಲೆ ಪರಿಸರ ವಿಷಯದಲ್ಲೇ ಮುಂದಿನ ಪದವಿ ಮಾಡುವುದು ಹಳೆಯ ದಾರಿ. 2022ರಲ್ಲಿ ಯುಜಿಸಿ ಒಟ್ಟಿಗೇ ಎರಡು ಪದವಿ ಓದಲು ಅನುಮತಿ ಕೊಟ್ಟಿತು. ಆದರೆ ಎರಡನ್ನೂ ಕಾಲೇಜಿಗೆ ಹೋಗಿಯೇ ಓದುವುದಾದರೆ ತರಗತಿಯ ವೇಳೆ ಒಂದರ ಮೇಲೊಂದು ಬೀಳಬಾರದು. ಬಿ.ಇ. ವೇಳಾಪಟ್ಟಿ ಬೆಳಿಗ್ಗೆಯಿಂದ ಸಂಜೆಯವರೆಗೆ ಹಿಡಿದಿಡುವುದರಿಂದ ಎರಡನೆಯದು ದೂರಶಿಕ್ಷಣವೇ ಆಗಬೇಕಾಗುತ್ತದೆ. ರಸಾಯನಶಾಸ್ತ್ರವನ್ನು ಕೈಯಲ್ಲಿ ಪಿಪೆಟ್ ಹಿಡಿಯದೆ ಕಲಿಯುವುದು ಈಜನ್ನು ದಡದಲ್ಲಿ ಕೂತು ಕಲಿತ ಹಾಗೆ. ಆ ದಾರಿ ಹಿಡಿಯುವವರು ಪ್ರಯೋಗದ ದಿನಗಳು ಎಷ್ಟು, ಎಲ್ಲಿ ಎಂದು ಮೊದಲೇ ಕೇಳಿಕೊಳ್ಳಿ.

ಈಗ ಮುಖ್ಯ ಮಾತು. ಈ ಜೋಡಿಯ ಬೆಲೆ ಗೊತ್ತಾಗುವುದು ಫ್ಲೋರೈಡ್ ವಿಷಯದಲ್ಲಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಕಡೆಗೆಲ್ಲ ಇದು ಮನೆಮನೆಯ ವಿಷಯ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ, ಪ್ರಮಾಣ ಇನ್ನೂ ಏರಿದರೆ ಮೂಳೆ ಹಿಡಿದುಕೊಳ್ಳುತ್ತದೆ.

ಹಳ್ಳಿಯ ವಾಟರ್‌ಮನ್ ಹೇಳುವ ಪರೀಕ್ಷೆ ಎಲ್ಲರಿಗೂ ಗೊತ್ತು: "ಈ ಬೋರಿನ ನೀರು ಸಿಹಿ ಸಾರ್. ಬೇಳೆ ಬೇಗ ಬೇಯುತ್ತೆ, ಸೋಪು ಹಾಕಿದ್ರೆ ಚೆನ್ನಾಗಿ ನೊರೆ ಬರುತ್ತೆ." ವಿಜ್ಞಾನದ ಅರ್ಧ ಓದಿದವರಿಗೆ ಈ ಮಾತು ಕೇಳಿದ ಕೂಡಲೇ ಕಿವಿ ನೆಟ್ಟಗಾಗಬೇಕು. ಬೇಳೆ ಬೇಯಲು ಬಿಡದಿರುವುದು, ನೊರೆ ಬರಲು ಬಿಡದಿರುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ನಮ್ಮ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ (gneiss) ಎಂಬ ಪಟ್ಟೆಪಟ್ಟೆಯ ಬಂಡೆ. ಅದರಲ್ಲಿ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕದಂಥ ಫ್ಲೋರೈಡ್ ಹೊತ್ತ ಖನಿಜಗಳಿವೆ. ನೀರು ಆಳದಲ್ಲಿ ಬಹುಕಾಲ ನಿಂತಾಗ ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಕೂತುಬಿಡುತ್ತದೆ, ಸೋಡಿಯಂ ಮತ್ತು ಬೈಕಾರ್ಬೊನೇಟ್ ಏರುತ್ತವೆ. ಕ್ಯಾಲ್ಸಿಯಂ ಇದ್ದಷ್ಟು ಹೊತ್ತು ಫ್ಲೋರೈಡನ್ನು ಕಟ್ಟಿಹಾಕುತ್ತಿತ್ತು. ಅದು ಹೋದ ಮೇಲೆ ಫ್ಲೋರೈಡಿಗೆ ತಡೆ ಇಲ್ಲ. ಹಾಗಾಗಿ ಬೇಳೆ ಬೇಗ ಬೇಯಿಸುವ ಆಳದ ಬೋರಿನ ನೀರನ್ನೇ ಮೊದಲು ಪರೀಕ್ಷಿಸಬೇಕು. ಅಂಗಡಿಯ ಟಿಡಿಎಸ್ ಪೆನ್ನು ಇಲ್ಲಿ ಏನೂ ಹೇಳುವುದಿಲ್ಲ: ಅದು ಒಟ್ಟು ಲವಣದ ಅಂದಾಜು ಕೊಡುತ್ತದೆ, ಅದರೊಳಗೆ ಫ್ಲೋರೈಡ್ 0.5 ಇದೆಯೋ 3 ಇದೆಯೋ ಅದಕ್ಕೆ ತಿಳಿಯದು. ಕಾಯಿಸಿ ಕುಡಿದರೆ ಸರಿಹೋಗುತ್ತದೆ ಎಂಬ ನಂಬಿಕೆಯೂ ತಪ್ಪು. ಆವಿಯಾಗುವುದು ನೀರು ಮಾತ್ರ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಗಟ್ಟಿಯಾಗುತ್ತದೆ.

ಅಳತೆಯನ್ನು ಈ ಕೋರ್ಸು ಎರಡು ವಿಧಾನದಲ್ಲಿ ಕಲಿಸುತ್ತದೆ. ಒಂದು ಸ್ಪ್ಯಾಡ್ನ್ಸ್ ಬಣ್ಣದ ವಿಧಾನ: 50 ಮಿ.ಲೀ. ಮಾದರಿಗೆ 10 ಮಿ.ಲೀ. ಸ್ಪ್ಯಾಡ್ನ್ಸ್-ಜಿರ್ಕೋನಿಲ್ ಆಮ್ಲದ ದ್ರಾವಣ ಸೇರಿಸಿ, ಬಣ್ಣ ಅಳೆಯುವ ಯಂತ್ರದಲ್ಲಿ 570 ನ್ಯಾನೊಮೀಟರ್ ಬೆಳಕಿಗೆ ಓದಬೇಕು. ಇಲ್ಲಿ ಫ್ಲೋರೈಡ್ ಹೆಚ್ಚಿದಷ್ಟೂ ಕೆಂಪು ಬಣ್ಣ ಮಸುಕಾಗುತ್ತದೆ. ಹೊಸಬರು ಬಹಳ ಸಲ ಇದನ್ನೇ ತಿರುಗಾಮುರುಗಾ ಮಾಡಿಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಈ ವಿಧಾನ ನಂಬಿಕೆಗೆ ನಿಲ್ಲುವುದು ಲೀಟರಿಗೆ ಸುಮಾರು 1.4 ಮಿಲಿಗ್ರಾಂವರೆಗೆ ಮಾತ್ರ. 3 ಇರುವ ನೀರನ್ನು ತೆಳುಗೊಳಿಸದೆ ನೇರ ಓದಿದರೆ ಅಳತೆಯ ಗೆರೆ ಬಾಗಿ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಊರಿನ ನೀರು 'ಪರವಾಗಿಲ್ಲ' ಎಂಬ ವರದಿ ಹೀಗೂ ಹುಟ್ಟಬಹುದು. ಭಟ್ಟಿ ಇಳಿಸಿದ ನೀರಿನಿಂದ ನಾಲ್ಕು ಪಟ್ಟು ತೆಳುಗೊಳಿಸಿ ಓದಿ, ಬಂದ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಬೇಕು. ಮಾದರಿಗೂ ಪ್ರಮಾಣಿತ ದ್ರಾವಣಕ್ಕೂ ಉಷ್ಣಾಂಶದ ವ್ಯತ್ಯಾಸ 2 ಡಿಗ್ರಿ ಮೀರಬಾರದು; ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಹಾಗೇ ಓದಲು ಹೋಗಬೇಡಿ. ನಲ್ಲಿ ನೀರಲ್ಲಿ ಕ್ಲೋರಿನ್ ಉಳಿದಿದ್ದರೆ ಅದೂ ಬಣ್ಣವನ್ನು ತೊಳೆದುಹಾಕುತ್ತದೆ, ಸೋಡಿಯಂ ಆರ್ಸೆನೈಟ್ ಹನಿ ಹಾಕಿ ಅದನ್ನು ಮೊದಲು ಕೊಲ್ಲಬೇಕು. ಆರ್ಸೆನೈಟ್ ವಿಷ, ಕೈಗವಸು ಇಲ್ಲದೆ ಮುಟ್ಟುವಂತಿಲ್ಲ.

ಎರಡನೆಯದು ನೀರಿಗೆ ಅದ್ದಿ ಫ್ಲೋರೈಡನ್ನು ಮಿಲಿವೋಲ್ಟಿನಲ್ಲಿ ತೋರಿಸುವ ಎಲೆಕ್ಟ್ರೋಡ್. ಮಾದರಿಯಷ್ಟೇ ಪ್ರಮಾಣದ ಟಿಸ್ಯಾಬ್ ಎಂಬ ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಬೆರೆಸಿದರೆ ಪಿಎಚ್ 5ರಿಂದ 5.5ಕ್ಕೆ ಬಂದು ನಿಲ್ಲುತ್ತದೆ, ಅಲ್ಯುಮಿನಿಯಂ ಮತ್ತು ಕಬ್ಬಿಣ ಹಿಡಿದಿಟ್ಟ ಫ್ಲೋರೈಡ್ ಬಿಡುಗಡೆಯಾಗುತ್ತದೆ. ಪ್ರಮಾಣ ಹತ್ತು ಪಟ್ಟು ಬದಲಾದಾಗ ಮೀಟರಿನಲ್ಲಿ 57 ಮಿಲಿವೋಲ್ಟ್ ಆಸುಪಾಸು ವ್ಯತ್ಯಾಸ ಬರಬೇಕು. 50ಕ್ಕಿಂತ ಕೆಳಗೆ ಬಂದರೆ ಎಲೆಕ್ಟ್ರೋಡ್ ಸೋತಿದೆ ಅಥವಾ ದ್ರಾವಣ ಹಳೆಯದಾಗಿದೆ. ಆ ದಿನದ ಓದುಗಳನ್ನು ಬರೆಯಬೇಡಿ. ಪರೀಕ್ಷೆ ಕಡಿಮೆಯಿಂದ ಹೆಚ್ಚಿನ ಕಡೆಗೆ ಸಾಗಲಿ. 10ರ ದ್ರಾವಣದಲ್ಲಿ ಅದ್ದಿದ್ದನ್ನು ಸರಿಯಾಗಿ ತೊಳೆಯದೆ 0.5ಕ್ಕೆ ಇಟ್ಟರೆ ಹಿಂದಿನದರ ನೆನಪು ಉಳಿದಿರುತ್ತದೆ. ಮಾದರಿ ತರುವುದು ಪ್ಲಾಸ್ಟಿಕ್ ಬಾಟಲಿಯಲ್ಲೇ. ಬೋರನ್ನು ಐದರಿಂದ ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಹಿಡಿಯಬೇಕು.

ಇಲ್ಲಿಗೆ ವಿಜ್ಞಾನ ಮುಗಿಯುತ್ತದೆ, ಎಂಜಿನಿಯರಿಂಗ್ ಶುರುವಾಗುತ್ತದೆ. ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಈಗ ಹಳ್ಳಿಹಳ್ಳಿಯಲ್ಲಿದೆ. ಲೆಕ್ಕ ಹಾಕಿ: 3 ಮಿಲಿಗ್ರಾಂ ಫ್ಲೋರೈಡಿನ 1,000 ಲೀಟರ್ ನೀರು ಒಳಗೆ ಹೋಯಿತು, ಅಂದರೆ 3,000 ಮಿಲಿಗ್ರಾಂ. ಅರ್ಧ ನೀರು ಶುದ್ಧವಾಗಿ ಬಂತು, ಅದರಲ್ಲಿ ಲೀಟರಿಗೆ 0.3, ಅಂದರೆ 500 ಲೀಟರಿಗೆ 150 ಮಿಲಿಗ್ರಾಂ. ಉಳಿದ 2,850 ಮಿಲಿಗ್ರಾಂ ಎಲ್ಲಿ? ಹೊರಬಿಟ್ಟ 500 ಲೀಟರಿನಲ್ಲಿ, ಲೀಟರಿಗೆ 5.7ರಂತೆ. ಆ ಪೈಪು ಅದೇ ಬೋರಿನ ಪಕ್ಕದ ಗುಂಡಿಗೆ ಬಿದ್ದಿದ್ದರೆ ವಿಷವನ್ನು ಶೋಧಿಸಿ, ಗಟ್ಟಿ ಮಾಡಿ, ವಾಪಸ್ ನೆಲಕ್ಕೆ ಕೊಟ್ಟ ಹಾಗೆ. ಘಟಕದೊಳಗೆ ನೀರು ಸೋಸುವ ಮೆಂಬ್ರೇನ್ ಜೋಡಿಸುವುದನ್ನಷ್ಟೇ ಕಲಿತವರು ಈ ಪೈಪಿನ ಕಡೆ ತಿರುಗಿ ನೋಡುವುದಿಲ್ಲ. ಬಂಡೆಯ ರಸಾಯನವನ್ನಷ್ಟೇ ಕಲಿತವರಿಗೆ ಪೈಪಿನ ಮಟ್ಟ ಹೊಂದಿಸಲು ಬರುವುದಿಲ್ಲ. ಎರಡನ್ನೂ ಒಬ್ಬರೇ ನೋಡಬೇಕು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ನಮಗೆ ಸಿಕ್ಕಿಲ್ಲ.

ಫ್ಲೋರೈಡನ್ನು ಮೈಗೆ ಹಿಡಿದುಕೊಳ್ಳುವ ಆಕ್ಟಿವೇಟೆಡ್ ಅಲ್ಯುಮಿನಾ ಹರಳಿನ ಶೋಧಕದ ಕಥೆಯೂ ಹೀಗೇ. ಪುಸ್ತಕದಲ್ಲಿ ಕೊಟ್ಟ ಸಾಮರ್ಥ್ಯ ಪಿಎಚ್ 5.5ರ ಹತ್ತಿರದ್ದು. ನಮ್ಮ ಬೋರಿನ ನೀರಿನ ಪಿಎಚ್ 7.5, 8, ಜೊತೆಗೆ ಬೈಕಾರ್ಬೊನೇಟ್ ಭಾರ. ಪುಸ್ತಕದ ಸಂಖ್ಯೆ ಹಿಡಿದು ತೊಟ್ಟಿ ಕಟ್ಟಿದರೆ ಅದು ನಿಗದಿಗಿಂತ ಬಹಳ ಮೊದಲೇ ಸೋಲುತ್ತದೆ, ನೀರು ನೋಡಲು ತಿಳಿಯಾಗೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಊರಿನ ನೀರನ್ನೇ ಸಣ್ಣ ಕೊಳವೆಯಲ್ಲಿ ಹರಿಸಿ ಎಷ್ಟು ಲೀಟರಿಗೆ ಸೋಲುತ್ತದೆ ಎಂದು ನೋಡಿದ ಮೇಲೆ ಅಳತೆ ನಿರ್ಧರಿಸಬೇಕು. ಕಾಸ್ಟಿಕ್ ಸೋಡಾದಿಂದ ತೊಳೆದು ಮರುಬಳಕೆಗೆ ತಂದ ಮೇಲೆ ಆ ತೊಳೆದ ನೀರಿಗೂ ಜಾಗ ತೋರಿಸಬೇಕು.

ಕೊಳಚೆ ನೀರಿನ ಭಾಗ ಕೋರ್ಸಿನಲ್ಲಿ ಚೆನ್ನಾಗಿದೆ, ಆದರೆ ಒಂದು ಎಚ್ಚರಿಕೆ. ಬಿಓಡಿ ಅಂದರೆ ಕೊಳಚೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ಬಳಸುವ ಆಕ್ಸಿಜನ್ ಅಳತೆ. ವಿದೇಶಿ ಪಠ್ಯಗಳಲ್ಲಿ ಅದು 20 ಡಿಗ್ರಿಯಲ್ಲಿ 5 ದಿನ. ಇಲ್ಲಿ ಚಾಲ್ತಿಯಲ್ಲಿರುವುದು 27 ಡಿಗ್ರಿಯಲ್ಲಿ 3 ದಿನ. ವರದಿಯಲ್ಲಿ ಯಾವುದು ಎಂದು ಬರೆಯದ ಸಂಖ್ಯೆಗೆ ಅರ್ಥವಿಲ್ಲ. 300 ಮಿ.ಲೀ. ಬಾಟಲಿಗೆ 6 ಮಿ.ಲೀ. ಕೊಳಚೆ ಹಾಕಿ ಉಳಿದದ್ದು ಶುದ್ಧ ನೀರು ತುಂಬಿಸಿದರೆ 50 ಪಟ್ಟು ತೆಳುವಾಯಿತು. ಆಕ್ಸಿಜನ್ ಲೀಟರಿಗೆ 4 ಮಿಲಿಗ್ರಾಂ ಇಳಿದರೆ ಬಿಓಡಿ 200. ಇಳಿಕೆ 2ಕ್ಕಿಂತ ಕಡಿಮೆಯಾದರೆ ಅಥವಾ ಕೊನೆಯಲ್ಲಿ 1ಕ್ಕಿಂತ ಕಡಿಮೆ ಉಳಿದರೆ ಆ ಬಾಟಲಿಯನ್ನು ಲೆಕ್ಕದಿಂದ ಬಿಡಿ. ಮೂರು ಬೇರೆ ಬೇರೆ ಪ್ರಮಾಣದಲ್ಲಿ ಇಡುವುದು ಇದಕ್ಕೇ. ಬಾಟಲಿಯ ಕುತ್ತಿಗೆಯಲ್ಲಿ ಒಂದೇ ಒಂದು ಗಾಳಿಗುಳ್ಳೆ ಉಳಿದರೂ ಅದು ಮೂರು ದಿನ ಆಕ್ಸಿಜನ್ ಕೊಡುತ್ತಾ ಹೋಗುತ್ತದೆ.

ಕೋಲಾರದಲ್ಲಿ ಓದುವವರಿಗೆ ಪಠ್ಯದ ಹೊರಗಿನ ದೊಡ್ಡ ಪ್ರಯೋಗಾಲಯ ಕೆ.ಸಿ. ವ್ಯಾಲಿ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಯೋಜನೆಯ ಸಾಮರ್ಥ್ಯ ದಿನಕ್ಕೆ 44 ಕೋಟಿ ಲೀಟರ್, ಅಂದರೆ ಸೆಕೆಂಡಿಗೆ 5,000 ಲೀಟರಿಗೂ ಸ್ವಲ್ಪ ಹೆಚ್ಚು. ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರಿನಲ್ಲಿ ಸಾರಜನಕ ಮತ್ತು ರಂಜಕ ಉಳಿದಿರುತ್ತವೆ, ಪಾಚಿ ಬೆಳೆಯುತ್ತದೆ. ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಆಕ್ಸಿಜನ್ ಅಳೆದರೆ ತುಂಬಿ ತುಳುಕುತ್ತದೆ, ಬೆಳಕು ಹರಿಯುವ ಮೊದಲು ಅಳೆದರೆ ಮೀನು ಮೇಲೆ ಬಂದು ಬಾಯಿ ಬಿಡುವಷ್ಟು ಇಳಿದಿರಬಹುದು. ಹನ್ನೊಂದು ಗಂಟೆಗೆ ಜೀಪಿನಲ್ಲಿ ಬಂದು ತೆಗೆದ ಒಂದು ಮಾದರಿಯಿಂದ ಕೆರೆಯ ಆರೋಗ್ಯ ಹೇಳಲು ಆಗುವುದಿಲ್ಲ. ಪ್ರಾಜೆಕ್ಟ್ ಮಾಡುವವರು ಒಂದೇ ಜಾಗದಲ್ಲಿ 24 ಗಂಟೆ, ಎರಡೆರಡು ಗಂಟೆಗೊಮ್ಮೆ ಅಳೆಯಿರಿ.

ಕೆಜಿಎಫ್‌ನ ಸೈನೈಡ್ ದಿಬ್ಬಗಳ (ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ರಾಶಿ) ಮೇಲೂ ಪ್ರಾಜೆಕ್ಟ್ ಮಾಡುವವರಿದ್ದಾರೆ. ಗಣಿ 2001ರಲ್ಲಿ ಮುಚ್ಚಿತು, ಪುಡಿಮಣ್ಣು ಹಾಗೇ ಇದೆ. ಅನುಮತಿ ಪಡೆದೇ ಹೋಗಿ. ಸೈನೈಡ್ ಪರೀಕ್ಷೆಗೆ ತೆಗೆದ ನೀರಿನ ಮಾದರಿಗೆ ಕಾಸ್ಟಿಕ್ ಸೋಡಾ ಹಾಕಿ ಪಿಎಚ್ 12 ದಾಟಿಸಿ ಇಡಬೇಕು. ಲೋಹಗಳ ಮಾದರಿಗೆ ಹಾಕುವ ಆಮ್ಲವನ್ನು ಅಭ್ಯಾಸಬಲದಿಂದ ಇದಕ್ಕೂ ಹಾಕಿದರೆ ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತದೆ, ಪ್ರಾಣಕ್ಕೇ ಕುತ್ತು. ಎರಡು ಬಗೆಯ ಬಾಟಲಿಗೆ ಎರಡು ಬಣ್ಣದ ಮುಚ್ಚಳ ಇರಲಿ.

ಕೆಲಸದ ಮಾತು ಚಿಕ್ಕದಾಗಿ. ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪತ್ರಿಕೆ ಇದೆ, ಜೋಡಿ ಓದಿದವರಿಗೆ ಅದು ಹೊಂದುತ್ತದೆ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದಲ್ಲಿ ಭಾರತ 2014ರಿಂದ ಇರುವುದರಿಂದ ಎಂಜಿನಿಯರಿಂಗ್ ಭಾಗಕ್ಕೆ ದೇಶದಿಂದ ದೇಶಕ್ಕೆ ಮನ್ನಣೆಯ ದಾರಿ ಇದೆ, ಕಾಲೇಜಿನ ಆ ವಿಭಾಗಕ್ಕೆ ಮಾನ್ಯತೆ ಇದ್ದರೆ ಮಾತ್ರ. ವಿಜ್ಞಾನ ಭಾಗಕ್ಕೆ ಆ ಒಪ್ಪಂದ ಅನ್ವಯಿಸುವುದಿಲ್ಲ. ಸರ್ಕಾರಿ ಹುದ್ದೆಗಳಿಗೆ ಎರಡು ಪದವಿ ಇದ್ದ ಮಾತ್ರಕ್ಕೆ ಎರಡು ಬಾಗಿಲು ತೆರೆಯುತ್ತದೆ ಎಂದುಕೊಳ್ಳಬೇಡಿ, ಅಧಿಸೂಚನೆಯಲ್ಲಿ ವಿದ್ಯಾರ್ಹತೆಯ ಸಾಲನ್ನು ಪದಪದವಾಗಿ ಓದಿ. ಪೈಪಿನ ಜಾಲದ ಲೆಕ್ಕ ಹಾಕುವ ಇಪಿಎನೆಟ್, ನಕ್ಷೆ ಬರೆಯುವ ಕ್ಯೂಜಿಐಎಸ್ ಎರಡೂ ಉಚಿತ ಸಾಫ್ಟ್‌ವೇರ್. ಅವನ್ನು ಕಲಿಸುತ್ತೇವೆಂದು ದುಡ್ಡು ಕೇಳುವವರ ಹತ್ತಿರ ಹೋಗುವ ಮೊದಲು ನಿಮ್ಮ ಊರಿನ ಪೈಪ್‌ಲೈನನ್ನೇ ಇಪಿಎನೆಟ್‌ನಲ್ಲಿ ಒಮ್ಮೆ ಬರೆದು ನೋಡಿ.

ಕಳೆದ ಒಂದು ಅಂಕದ ವಿಷಯ. ಪ್ರಯೋಗಾಲಯ ಚೆನ್ನಾಗಿಲ್ಲದ ಕಡೆ ಈ ಪದವಿ ಅರ್ಧ ಬೆಲೆಗೂ ಬಾಳುವುದಿಲ್ಲ, ಅಂಥ ಕಡೆಗಳೂ ಇವೆ. ಹತ್ತು ಜನಕ್ಕೆ ಒಂದು ಬ್ಯೂರೆಟ್, ಒಬ್ಬರು ಟೈಟ್ರೇಟ್ ಮಾಡಿದ್ದನ್ನು ಒಂಬತ್ತು ಜನ ಬರೆದುಕೊಳ್ಳುವುದು ಕಲಿಕೆಯಲ್ಲ. ಸೇರುವ ಮೊದಲು ಪ್ರಯೋಗಾಲಯ ತೋರಿಸಿ ಎಂದು ಕೇಳಿ. ಸಿಓಡಿ (ಕೊಳಚೆಯನ್ನು ರಾಸಾಯನಿಕದಿಂದ ಸುಟ್ಟು ಅಳೆಯುವ ಪರೀಕ್ಷೆ) ಮಾಡಿದ ಮೇಲೆ ಉಳಿಯುವ ದ್ರವದಲ್ಲಿ ಪಾದರಸ, ಬೆಳ್ಳಿ, ಕ್ರೋಮಿಯಂ ಇರುತ್ತವೆ. ಅದನ್ನು ಸುರಿಯುವ ಕ್ಯಾನ್ ಎಲ್ಲಿದೆ ಎಂದು ಕೇಳಿ. ಸಿಂಕ್ ಕಡೆ ಕೈ ತೋರಿಸಿದರೆ ಪರಿಸರ ಎಂಬ ಹೆಸರಿನ ಕೋರ್ಸನ್ನು ಅಲ್ಲಿ ಓದುವುದು ಬೇಡ. ಪ್ರಯೋಗಾಲಯದ ಆವಿ, ಹೊಗೆ ಹೊರಗೆಳೆಯುವ ಗೂಡಿನ (ಫ್ಯೂಮ್ ಹುಡ್) ಫ್ಯಾನ್ ಹಾಕಿಸಿ, ಬಾಗಿಲ ಸಂದಿಗೆ ಒಂದು ತುಂಡು ಟಿಶ್ಯೂ ಹಿಡಿಯಿರಿ, ಅದು ಒಳಕ್ಕೆ ಎಳೆಯಬೇಕು. ಆಮೇಲೆ ಬಿಓಡಿ ಇನ್‌ಕ್ಯುಬೇಟರಿನ ಉಷ್ಣಾಂಶದ ಪುಸ್ತಕ ಕೇಳಿ ನೋಡಿ. 26.8, 27.3, ಒಂದು ದಿನ ಕರೆಂಟ್ ಹೋಗಿ 29, ಪಕ್ಕದಲ್ಲಿ "ಈ ತಂಡದ ಮಾದರಿ ಬಿಟ್ಟಿದೆ" ಎಂಬ ಸಾಲು, ಕೆಳಗೆ ಸಹಿ. ಅಂಥ ಪುಟ ಕಂಡರೆ ಧೈರ್ಯವಾಗಿ ಫೀಸು ಕಟ್ಟಿ.