ಕೋಟೆಯ ಕಲ್ಲಿಗೆ ಎಳೆಬಿಸಿಲು, ಮುಖಕ್ಕೆ ಮಂಟಪದ ನೆರಳು

ಚಿತ್ರದುರ್ಗದ ಕೋಟೆಯಲ್ಲಿ ಎಳೆಬಿಸಿಲು, ಮೋಡ, ಮಂಟಪದ ನೆರಳು ಈ ಮೂರರಲ್ಲೂ ಕಲ್ಲಿನದೂ ಮುಖದ್ದೂ ಫೋಟೋ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆವು.

ಕಲ್ಲಿಗೆ ಎಳೆಬಿಸಿಲೇ ಸರಿ. ಸೂರ್ಯ ಹುಟ್ಟಿದ ಮೊದಲ ಮುಕ್ಕಾಲು ಗಂಟೆಯಲ್ಲಿ ಬೆಳಕು ಗೋಡೆಯನ್ನು ಓರೆಯಾಗಿ ಸವರುತ್ತದೆ, ಒಂದೊಂದು ಉಳಿ ಗುರುತಿಗೂ ಅದರದೇ ನೆರಳು ಬೀಳುತ್ತದೆ. ಸೂರ್ಯನಿಗೆ ನೇರ ಎದುರಾದ ಗೋಡೆ ಮಾತ್ರ ಬೆಳಗಿನಲ್ಲೂ ಚಪ್ಪಟೆ. ಬಿಸಿಲು ಪಕ್ಕದಿಂದ ಬರುವ ಗೋಡೆ ಹುಡುಕಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್ (ಲೆನ್ಸಿನ ತೆರವಿನ ಅಳತೆ) 8, ಶಟರ್ 1/125 ಸೆಕೆಂಡಿನಿಂದ ಶುರುಮಾಡಿ. ಬೆಳಕಿನ ಬಣ್ಣವನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಕ್ಯಾಮೆರಾ ಆ ಹೊಂಬಣ್ಣವನ್ನೇ ತೊಳೆದುಬಿಡಬಹುದು. 5,200 ಕೆಲ್ವಿನ್‌ಗೆ ನಿಲ್ಲಿಸಿ. ಇದೇ ಬಿಸಿಲು ಮುಖಕ್ಕೆ ಎದುರು ಬಿದ್ದರೆ ಕಣ್ಣು ಕಿರಿದಾಗುತ್ತದೆ.

ಮೋಡದಲ್ಲಿ ಬಂಡೆ ಸಿಮೆಂಟಿನಂತೆ ಕಾಣುತ್ತದೆ. ಆದರೆ ಓಬವ್ವನ ಕಿಂಡಿಗೆ ಮೋಡವೇ ಬೇಕು. ಬಿಸಿಲಿದ್ದರೆ ಹೊರಗೆ ಪೂರ್ತಿ ಬಿಳಿ, ಒಳಗೆ ಪೂರ್ತಿ ಕಪ್ಪು. ಮೋಡ ಕವಿದಾಗ ಈ ಅಂತರ ತಗ್ಗುತ್ತದೆ. ಹೊರಗಿನ ಬೆಳಕಿಗೆ ಎಕ್ಸ್‌ಪೋಷರ್ ಹಿಡಿದು, ಒಳಗಿನ ಕಪ್ಪನ್ನು ಆಮೇಲೆ ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಚಿತ್ರ) ಎತ್ತಬಹುದು. ದುರ್ಗದ ಗಾಳಿ ಗೊತ್ತಲ್ಲ, ಮೋಡ ಓಡುತ್ತಲೇ ಇರುತ್ತದೆ. ಒಂದು ನಿಮಿಷದಲ್ಲಿ ಬೆಳಕು ಎರಡು ಸ್ಟಾಪ್ (ಅಂದರೆ ನಾಲ್ಕು ಪಟ್ಟು) ಏರಿಳಿಯಬಹುದು, ಹಾಗಾಗಿ ಮ್ಯಾನುಯಲ್ ಬಿಟ್ಟು ಅಪರ್ಚರ್ ಪ್ರಯಾರಿಟಿಗೆ (ಎಫ್ ನಾವಿಟ್ಟು, ಶಟರನ್ನು ಕ್ಯಾಮೆರಾಕ್ಕೆ ಬಿಡುವ ಮೋಡ್) ಬನ್ನಿ.

ಮುಖಕ್ಕೆ ನಮ್ಮ ಆಯ್ಕೆ ಹನ್ನೊಂದು ಗಂಟೆಯ ಕಲ್ಲುಮಂಟಪ. ಆ ಹೊತ್ತಿಗೆ ಕ್ಯಾಮೆರಾ ಚೀಲಕ್ಕೆ ಹಾಕುವವರೇ ಹೆಚ್ಚು, ಅದು ತಪ್ಪು. ಸೂರಿನ ಅಂಚಿನಿಂದ ಎರಡು ಮೂರು ಅಡಿ ಒಳಗೆ, ಮುಖ ಹೊರಗೆ ಮಾಡಿ ನಿಲ್ಲಿಸಿ. ಆರಡಿ ಒಳಗೆ ಹೋದರೆ ಮುಖಕ್ಕೆ ಬೀಳುವ ಬೆಳಕು ತಗ್ಗುತ್ತದೆ. ಮುಂದಿನ ಹಾಸುಗಲ್ಲಿನ ಮೇಲೆ ಬಿದ್ದ ಸುಡುಬಿಸಿಲು ಪುಟಿದು ಗಲ್ಲದ ಕೆಳಗಿನ ನೆರಳನ್ನು ತುಂಬುತ್ತದೆ. ಬೂದುಗಲ್ಲಾದ್ದರಿಂದ ಬಣ್ಣ ಅಂಟುವುದಿಲ್ಲ. ಎದುರಿಗೆ ಕೆಮ್ಮಣ್ಣಿದ್ದರೆ ಕತ್ತು ಕೆಂಪು, ಹುಲ್ಲಿದ್ದರೆ ಹಸಿರು. ಹಾಸುಗಲ್ಲು ಇಲ್ಲದ ಕಡೆ ಎರಡು ಮೂರು ಅಡಿಯ ಬಿಳಿ ಥರ್ಮಾಕೋಲ್ ಹಾಳೆಯನ್ನು ಎದೆಮಟ್ಟದ ಕೆಳಗೆ, ಮೂರಡಿ ದೂರದಲ್ಲಿ ಹಿಡಿಯಿರಿ. ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಕಣ್ಣು ಕುಕ್ಕುತ್ತದೆ, ಬೇಡ. ಐಎಸ್‌ಒ 400, ಎಫ್ 4, 1/250. ನೆರಳು ನೀಲಿಗೆ ತಿರುಗುವುದರಿಂದ ವೈಟ್ ಬ್ಯಾಲೆನ್ಸ್ 7,000ದ ಆಸುಪಾಸು.

ಮರದ ನೆರಳನ್ನು ಮಂಟಪಕ್ಕೆ ಬದಲು ಎಂದುಕೊಳ್ಳಬೇಡಿ. ಎಲೆ ಸಂದಿನ ಬಿಸಿಲು ಹಣೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಆ ಬಿಳಿ ಕಲೆಯನ್ನು ಎಡಿಟಿಂಗ್‌ನಲ್ಲೂ ಸರಿಮಾಡುವುದು ಕಷ್ಟ. ಮೊಬೈಲಿನಲ್ಲಾದರೆ ಕೆನ್ನೆಯ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಆಮೇಲೆ ಚೌಕಟ್ಟು ಕಟ್ಟಿ.